ಪಿಕಪ್ ಟ್ರಕ್ಕಿನ ಮೈಲೇಜ್: ಟೈರ್ ಅಳತೆ, ಆಕ್ಸಲ್ ಅನುಪಾತಗಳಲ್ಲಿ ಯಾವುದನ್ನು ಆರಿಸಬೇಕು?

ಪಿಕಪ್ ಟ್ರಕ್ಕಿಗೆ ಮೂಲ ಅಳತೆಗಿಂತ ದೊಡ್ಡ ಟೈರ್ ಹಾಕಿಸಿದವರು ಕೆಲವೇ ದಿನಗಳಲ್ಲಿ ಮೈಲೇಜ್ ಬಿದ್ದುಹೋಯಿತೆಂದು ದೂರುತ್ತಾರೆ. ಅದಕ್ಕೆ ಸಿಗುವ ಸಲಹೆಯೂ ಹೆಚ್ಚಾಗಿ ಒಂದೇ: ಆಕ್ಸಲ್ ನಡುವೆ ಕುಳಿತು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಗೇರ್ ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ. ದೂರಿನಲ್ಲೂ ಸಲಹೆಯಲ್ಲೂ ಇರುವುದು ಅರ್ಧ ಸತ್ಯ. ಬಿದ್ದಂತೆ ಕಾಣುವ ಮೈಲೇಜಿನಲ್ಲಿ ಒಂದು ಪಾಲು ನಿಜವಾಗಿ ಬಿದ್ದಿರುವುದೇ ಇಲ್ಲ. ಓಡೋಮೀಟರ್ ದೂರವನ್ನು ಕಡಿಮೆ ಎಣಿಸುತ್ತಿರುತ್ತದೆ, ಅಷ್ಟೇ. ಇನ್ನೊಂದು ಪಾಲು ನಿಜಕ್ಕೂ ಹೋಗಿರುತ್ತದೆ, ಆದರೆ ಅದನ್ನು ತಿಂದದ್ದು ಹೊಸ ಟೈರಿನ ಟ್ರೆಡ್ (ನೆಲಕ್ಕೆ ತಾಗುವ ರಬ್ಬರ್ ಪದರ), ತೂಕ ಮತ್ತು ವಾಹನಕ್ಕೆ ಅದು ಕೊಟ್ಟ ಎತ್ತರ. ಗೇರ್ ಬದಲಿಸಿದ ಮಾತ್ರಕ್ಕೆ ಅದು ಮರಳಿ ಬರುವುದಿಲ್ಲ. ಗೇರ್ ಸರಿಪಡಿಸಬಲ್ಲದ್ದು ಮೂರನೆಯ ಪಾಲನ್ನು, ಮತ್ತು ಸಾಮಾನ್ಯವಾಗಿ ಅದೇ ಎಲ್ಲಕ್ಕಿಂತ ಚಿಕ್ಕದು. ಈ ಮೂರನ್ನೂ ಬಿಡಿಸಿ ನೋಡಿದ ಮೇಲೆಯೇ ಯಾವ ಟೈರ್, ಯಾವ ಅನುಪಾತ ಎಂಬ ಪ್ರಶ್ನೆಗೆ ಅರ್ಥಪೂರ್ಣವಾದ ಉತ್ತರ ಸಿಗುತ್ತದೆ.

ಅಳತೆಯ ಲೆಕ್ಕ

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ 265/70 ಆರ್ 17 ಎಂಬ ಬರಹದಲ್ಲಿ ಮೊದಲ ಸಂಖ್ಯೆ ಟೈರಿನ ಅಗಲವನ್ನು ಮಿಲಿಮೀಟರ್‌ನಲ್ಲಿ ಹೇಳುತ್ತದೆ, ಎರಡನೆಯದು ಸೈಡ್‌ವಾಲ್‌ನ (ರಿಮ್‌ನಿಂದ ಟ್ರೆಡ್‌ವರೆಗಿನ ಪಕ್ಕದ ಗೋಡೆಯ) ಎತ್ತರ ಆ ಅಗಲದ ಶೇಕಡ ಎಷ್ಟು ಎಂಬುದನ್ನು, ಕೊನೆಯದು ರಿಮ್‌ನ ವ್ಯಾಸವನ್ನು ಇಂಚಿನಲ್ಲಿ. 265ರ ಶೇ. 70 ಎಂದರೆ 185.5 ಮಿ.ಮೀ.; ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿ 371 ಮಿ.ಮೀ.; 17 ಇಂಚಿನ ರಿಮ್ 431.8 ಮಿ.ಮೀ. ಒಟ್ಟು ವ್ಯಾಸ 802.8 ಮಿ.ಮೀ., ಅಂದರೆ ಸುಮಾರು 31.6 ಇಂಚು. ಇದೇ ಲೆಕ್ಕದಲ್ಲಿ 285/70 ಆರ್ 17 ಟೈರಿನ ವ್ಯಾಸ 830.8 ಮಿ.ಮೀ. ಆಗುತ್ತದೆ, 315/70 ಆರ್ 17 ಟೈರಿನದು 872.8 ಮಿ.ಮೀ. ಮೊದಲನೆಯದಕ್ಕೆ ಹೋಲಿಸಿದರೆ ಎರಡನೆಯದು ಶೇ. 3.5ರಷ್ಟು, ಮೂರನೆಯದು ಶೇ. 8.7ರಷ್ಟು ದೊಡ್ಡದು. ಈ ಲೇಖನದುದ್ದಕ್ಕೂ, ಮೊದಲನೆಯದನ್ನು ಮೂಲ ಟೈರ್ ಎಂದು ಹಿಡಿದು, ಇವೇ ಮೂರು ಅಳತೆಗಳನ್ನು ಇಟ್ಟುಕೊಂಡು ಮಾತಾಡುತ್ತೇನೆ. ವಾಹನದ ಭಾರಕ್ಕೆ ಟೈರ್ ಕೆಳಗೆ ಸ್ವಲ್ಪ ಚಪ್ಪಟೆಯಾಗುವುದರಿಂದ ನೆಲದ ಮೇಲಿನ ನಿಜವಾದ ಸುತ್ತಳತೆ ಈ ಲೆಕ್ಕಕ್ಕಿಂತ ತುಸು ಕಡಿಮೆ ಇರುತ್ತದೆ. ಆದರೆ ಒಂದು ಟೈರನ್ನು ಇನ್ನೊಂದರ ಜೊತೆ ಹೋಲಿಸುವಾಗ ಆ ವ್ಯತ್ಯಾಸ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅದನ್ನು ಬಿಟ್ಟುಬಿಡಬಹುದು.

ಆಕ್ಸಲ್ ಅನುಪಾತವೆಂದರೆ ಡಿಫರೆನ್ಷಿಯಲ್ ಒಳಗಿನ ದೊಡ್ಡ ಹಲ್ಲುಚಕ್ರವಾದ ಕ್ರೌನ್ ವೀಲ್‌ನ ಹಲ್ಲುಗಳನ್ನು, ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರವಾದ ಪಿನಿಯನ್‌ನ ಹಲ್ಲುಗಳಿಂದ ಭಾಗಿಸಿದಾಗ ಬರುವ ಸಂಖ್ಯೆ. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 11 ಹಲ್ಲು ಇದ್ದರೆ 3.73, 39ಕ್ಕೆ 11 ಇದ್ದರೆ 3.55, 41ಕ್ಕೆ 10 ಇದ್ದರೆ 4.10. ಚಕ್ರ ಒಂದು ಸುತ್ತು ಬರಲು, ಗೇರ್ ಪೆಟ್ಟಿಗೆಯಿಂದ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ಅಷ್ಟು ಸುತ್ತು ತಿರುಗಬೇಕು. ಸಂಖ್ಯೆ ದೊಡ್ಡದಾದಷ್ಟೂ ಎಳೆಯುವ ಬಲ ಹೆಚ್ಚು, ಅದೇ ವೇಗಕ್ಕೆ ಎಂಜಿನ್ ತಿರುಗಬೇಕಾದ ಸುತ್ತೂ ಹೆಚ್ಚು. ದೊಡ್ಡ ಟೈರ್ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡುತ್ತದೆ: ಒಂದು ಸುತ್ತಿಗೆ ಹೆಚ್ಚು ದೂರ ಸಾಗುವುದರಿಂದ ಒಟ್ಟು ಅನುಪಾತವನ್ನು ಅದು ಇಳಿಸಿಬಿಡುತ್ತದೆ. 3.55 ಅನುಪಾತದ ಟ್ರಕ್ಕಿಗೆ ಶೇ. 8.7ರಷ್ಟು ದೊಡ್ಡ ಟೈರ್ ಹಾಕಿದರೆ ಅದು ಮೂಲ ಟೈರಿನಲ್ಲಿ 3.27ರ ಅನುಪಾತ ಇಟ್ಟುಕೊಂಡಂತೆ ವರ್ತಿಸುತ್ತದೆ. ಮೂಲ ಸ್ಥಿತಿಗೆ ಮರಳಬೇಕೆಂದರೆ 3.55ನ್ನು 1.087ರಿಂದ ಗುಣಿಸಬೇಕು, ಉತ್ತರ 3.86. ಅಂಥ ಗೇರ್ ಸಿಗುವುದು ಕಷ್ಟ. ಅದಕ್ಕೆ ಹತ್ತಿರದ್ದು 3.92.

ಇದನ್ನು ಎಂಜಿನ್ ಸುತ್ತಿನ ಭಾಷೆಗೆ ತಂದು ನೋಡೋಣ. ಟಾಪ್ ಗೇರ್‌ನ ಅನುಪಾತ 0.67 ಇರುವ ಎಂಟು ಗೇರ್‌ಗಳ ಆಟೊಮ್ಯಾಟಿಕ್ ಪೆಟ್ಟಿಗೆಯನ್ನು ಉದಾಹರಣೆಗೆ ತೆಗೆದುಕೊಂಡರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಮೂಲ ಟೈರ್ ಮತ್ತು 3.55 ಅನುಪಾತದ ಟ್ರಕ್ಕಿನ ಎಂಜಿನ್ ಸುಮಾರು 1,570 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗುತ್ತದೆ. ಅದೇ ಟೈರಿನಲ್ಲಿ ಅನುಪಾತ 3.31 ಇದ್ದರೆ 1,465, 3.73 ಇದ್ದರೆ 1,650, 4.10 ಇದ್ದರೆ 1,815. ಅನುಪಾತವನ್ನು 3.55ರಲ್ಲೇ ಇರಿಸಿ 872.8 ಮಿ.ಮೀ. ಟೈರ್ ಹಾಕಿದರೆ 1,445ಕ್ಕೆ ಇಳಿಯುತ್ತದೆ. ಅನುಪಾತದ ಆಯ್ಕೆಗಳ ನಡುವೆ, ಟಾಪ್ ಗೇರ್‌ನಲ್ಲಿ, ಇರುವ ವ್ಯತ್ಯಾಸ ನೂರಿನ್ನೂರು ಸುತ್ತುಗಳದ್ದು. ಜನ ಭಾವಿಸುವುದಕ್ಕಿಂತ ಇದು ಬಹಳ ಕಡಿಮೆ.

ಮೊದಲು ಓಡೋಮೀಟರನ್ನು ಸರಿಪಡಿಸಿ

ಮೈಲೇಜ್ ಬಿತ್ತೆಂದು ಹೇಳುವ ಮೊದಲು ದೂರದ ಲೆಕ್ಕ ಸರಿಯಿದೆಯೇ ಎಂದು ನೋಡಬೇಕು. ಓಡೋಮೀಟರ್ ಎಣಿಸುವುದು ಸುತ್ತುಗಳನ್ನು. ದೂರವನ್ನು ಅದು ನೇರವಾಗಿ ಅಳೆಯುವುದಿಲ್ಲ. ಶೇ. 8.7ರಷ್ಟು ದೊಡ್ಡ ಟೈರ್ ಹಾಕಿದ ಟ್ರಕ್ 600 ಕಿ.ಮೀ. ತೋರಿಸುವಾಗ ನಿಜವಾಗಿ ಸುಮಾರು 652 ಕಿ.ಮೀ. ಓಡಿರುತ್ತದೆ. ಆ ದೂರಕ್ಕೆ 63 ಲೀಟರ್ ಇಂಧನ ಹಿಡಿದಿದ್ದರೆ ಮಾಲೀಕರ ಲೆಕ್ಕದಲ್ಲಿ ಲೀಟರಿಗೆ 9.5 ಕಿ.ಮೀ. ಬರುತ್ತದೆ, ನಿಜವಾದ ಸಂಖ್ಯೆ 10.35. ಈ ತಪ್ಪು ಲೆಕ್ಕವನ್ನು ಹಿಡಿದು ಗೇರ್ ಬದಲಿಸಲು ಹೊರಟವರು ಇಲ್ಲದ ರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿರುತ್ತಾರೆ.

ಸ್ಪೀಡೋಮೀಟರ್‌ನ ತಪ್ಪು ಇದಕ್ಕಿಂತ ಹೆಚ್ಚು ದುಬಾರಿಯಾದದ್ದು, ಏಕೆಂದರೆ ಅದು ನಿಜವಾದ ಇಂಧನವನ್ನೇ ಸುಡುತ್ತದೆ. ಮೂಲ ಟೈರಿನಲ್ಲಿ ಸರಿಯಾಗಿ ತೋರಿಸುತ್ತಿದ್ದ ಮುಳ್ಳು ಈಗ 100ರ ಮೇಲೆ ನಿಂತಿರುವಾಗ ವಾಹನ 108.7 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಆ ತಡೆ ಶೇ. 18ರಷ್ಟು ಹೆಚ್ಚಾಗಿರುತ್ತದೆ. ಚಾಲಕ ಹಿಂದಿನಂತೆಯೇ ಓಡಿಸುತ್ತಿದ್ದೇನೆಂದು ನಂಬಿರುತ್ತಾನೆ; ವಾಹನ ಮಾತ್ರ ಹಿಂದಿನಂತೆ ಓಡುತ್ತಿರುವುದಿಲ್ಲ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ಪೀಡೋಮೀಟರನ್ನು ಸರಿಪಡಿಸದೆ ಓಡಿಸುವವರಿಗೆ ದೊಡ್ಡ ಟೈರಿನಿಂದ ಎಂಜಿನ್ ಸುತ್ತು ಇಳಿದದ್ದು ಕಾಣುವುದೇ ಇಲ್ಲ, ಏಕೆಂದರೆ ಮುಳ್ಳು ತೋರಿಸುವ ವೇಗ ಮತ್ತು ಆರ್‌ಪಿಎಂ ಎರಡೂ ಒಂದೇ ಸುತ್ತುಗಳ ಲೆಕ್ಕಕ್ಕೆ ಕಟ್ಟುಬಿದ್ದಿವೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿ 39ರ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ; ಹಾಗಾಗಿ ಆ ನಿಯಮ ಪಾಲಿಸುವ ವಾಹನಗಳು ಕಾರ್ಖಾನೆಯಿಂದಲೇ ತುಸು ಹೆಚ್ಚು ತೋರಿಸುವಂತೆ ಬರುತ್ತವೆ. ಶೇ. 3.5ರ ಬದಲಾವಣೆ ಆ ಅಂತರದೊಳಗೆ ಅಡಗಿಹೋಗಬಹುದು, ಶೇ. 8.7 ಅಡಗುವ ಸಾಧ್ಯತೆ ಕಡಿಮೆ.

ತದ್ವಿರುದ್ಧವಾದ ಮೋಸವೂ ಉಂಟು. ಮೈಲೇಜಿಗಾಗಿ ಚಿಕ್ಕ ವ್ಯಾಸದ ಟೈರ್ ಹಾಕಿಸಿದವರಿಗೆ ಓಡೋಮೀಟರ್ ಹೆಚ್ಚು ದೂರ ತೋರಿಸುತ್ತದೆ. ಸಿಕ್ಕಿತೆಂದು ಸಂತೋಷಪಡುವ ಲಾಭ ಬಹುಪಾಲು ಕಾಗದದ ಮೇಲಿನದು.

ಸವೆದ ಟೈರಿನ ವಿಷಯವನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಅದನ್ನು ಬಹುಮಂದಿ ಮರೆಯುತ್ತಾರೆ. 8 ಮಿ.ಮೀ. ಟ್ರೆಡ್ ಸವೆದರೆ ವ್ಯಾಸ 16 ಮಿ.ಮೀ. ಕುಗ್ಗುತ್ತದೆ, 803 ಮಿ.ಮೀ. ಟೈರಿಗೆ ಅದು ಶೇ. 2. ಸವೆದ ಟೈರ್ ಹಗುರ, ಅದರ ಟ್ರೆಡ್ ತೆಳು, ಆದ್ದರಿಂದ ಅದರ ಉರುಳು ಪ್ರತಿರೋಧವೂ (ಉರುಳುವಾಗ ಟೈರ್ ಒಡ್ಡುವ ತಡೆ) ಹೊಸದಕ್ಕಿಂತ ಕಡಿಮೆ. ಹಳೆಯ ಟೈರಿನ ಕೊನೆಯ ತಿಂಗಳ ಮೈಲೇಜನ್ನು ಹೊಸ ಟೈರಿನ ಮೊದಲ ತಿಂಗಳ ಮೈಲೇಜಿಗೆ ಹೋಲಿಸಿದರೆ, ಅಳತೆಯೂ ಮಾದರಿಯೂ ಅದೇ ಆಗಿದ್ದರೂ ಹೊಸದು ಸೋಲುತ್ತದೆ. ನ್ಯಾಯವಾಗಿ ಹೋಲಿಸಬೇಕಾದದ್ದು ಹೊಸದನ್ನು ಹೊಸದರ ಜೊತೆ.

ಇಂಧನ ನಿಜವಾಗಿ ಹೋಗುವುದೆಲ್ಲಿ

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವ ಟ್ರಕ್ ಎರಡು ತಡೆಗಳ ವಿರುದ್ಧ ದುಡಿಯುತ್ತದೆ: ಟೈರಿನ ಉರುಳು ಪ್ರತಿರೋಧ ಮತ್ತು ಗಾಳಿ. 2,300 ಕಿಲೋ ತೂಗುವ, 0.40 ಗಾಳಿ ತಡೆಯ ಗುಣಾಂಕ ಮತ್ತು ಗಾಳಿಗೆ ಎದುರಾಗುವ 3.2 ಚದರ ಮೀಟರ್ ಮುಂಭಾಗ ಇರುವ ಒಂದು ಟ್ರಕ್ಕನ್ನು ಊಹಿಸಿಕೊಳ್ಳಿ. ದೊಡ್ಡ ಪಿಕಪ್‌ಗಳ ಮಟ್ಟಿಗೆ ಇವು ವಾಸ್ತವಕ್ಕೆ ಹತ್ತಿರದ ಅಂಕಿಗಳು. ಹೈವೇ ಟೈರಿನ ಉರುಳು ಪ್ರತಿರೋಧದ ಗುಣಾಂಕ 0.010 ಎಂದಿಟ್ಟುಕೊಂಡರೆ ಟೈರುಗಳ ತಡೆ ಸುಮಾರು 226 ನ್ಯೂಟನ್ (ಬಲದ ಅಳತೆ). ಅದು ವೇಗದೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಗಾಳಿಯ ತಡೆ ಗಂಟೆಗೆ 50 ಕಿ.ಮೀ. ವೇಗದಲ್ಲಿ 148 ನ್ಯೂಟನ್ ಇದ್ದದ್ದು 100 ಕಿ.ಮೀ.ಗೆ ಹೋದಾಗ 593 ನ್ಯೂಟನ್ ಆಗುತ್ತದೆ. ಎರಡೂ ಸಮಸಮವಾಗುವುದು 60 ಕಿ.ಮೀ. ವೇಗದ ಆಸುಪಾಸಿನಲ್ಲಿ. ನಿಮ್ಮ ಓಡಾಟ ಹೆಚ್ಚಾಗಿ ಅದಕ್ಕಿಂತ ಕೆಳಗಿದ್ದರೆ ಟೈರಿನ ಜಾತಿ ಮತ್ತು ತೂಕ ನಿಮಗೆ ಮುಖ್ಯ. ಮೇಲಿದ್ದರೆ ವಾಹನದ ಎತ್ತರ, ಟೈರಿನ ಅಗಲ ಮತ್ತು ಬಲಗಾಲಿನ ಸಂಯಮ ಮುಖ್ಯ.

ಈಗ ಅದೇ ಟ್ರಕ್ಕಿಗೆ 315/70 ಆರ್ 17 ಅಳತೆಯ, ಟ್ರೆಡ್‌ನಲ್ಲಿ ದಪ್ಪ ರಬ್ಬರ್ ತುಂಡುಗಳಿರುವ ಮಡ್ (ಕೆಸರಿನ) ಟೈರ್ ಹಾಕಿ, ಅದು ಒಳಗೆ ತಾಗದಂತೆ ವಾಹನವನ್ನು ಒಂದಿಷ್ಟು ಎತ್ತರಿಸಿದ್ದೇವೆ ಎನ್ನೋಣ. ಉರುಳು ಪ್ರತಿರೋಧದ ಗುಣಾಂಕ 0.014ಕ್ಕೆ ಏರಿದೆ, ತೂಕ 50 ಕಿಲೋ ಹೆಚ್ಚಿದೆ, ಗಾಳಿಗೆ ಒಡ್ಡಿಕೊಳ್ಳುವ ಪರಿಣಾಮ ಶೇ. 6ರಷ್ಟು ಬೆಳೆದಿದೆ ಎಂದು ಊಹಿಸಿದರೆ, 100 ಕಿ.ಮೀ. ವೇಗದಲ್ಲಿ ಒಟ್ಟು ತಡೆ 818 ನ್ಯೂಟನ್‌ನಿಂದ ಸುಮಾರು 952 ನ್ಯೂಟನ್‌ಗೆ ಹೋಗುತ್ತದೆ. ಇದು ಶೇ. 16ರ ಏರಿಕೆ. ಈ 134 ನ್ಯೂಟನ್ ಚಕ್ರ ಮತ್ತು ಗಾಳಿಯ ಲೋಕಕ್ಕೆ ಸೇರಿದ್ದು. ಡಿಫರೆನ್ಷಿಯಲ್‌ನಲ್ಲಿ 3.55 ಇದ್ದರೂ 4.10 ಇದ್ದರೂ ಅದು ಅಲ್ಲೇ ಇರುತ್ತದೆ. ಗೇರ್ ಬದಲಾವಣೆ ಈ ಕೆಲಸವನ್ನು ಎಂಜಿನ್ ಯಾವ ಸುತ್ತಿನಲ್ಲಿ ಮಾಡಬೇಕೆಂದು ನಿರ್ಧರಿಸುತ್ತದೆಯೇ ಹೊರತು ಕೆಲಸವನ್ನು ಕಡಿಮೆ ಮಾಡುವುದಿಲ್ಲ. ನಾನು ಈ ಲೇಖನದಲ್ಲಿ ಒತ್ತಿ ಹೇಳಬೇಕೆಂದಿರುವ ಮಾತು ಇದೇ.

ಹಾಗಾದರೆ ಎಂಜಿನ್ ಸುತ್ತಿಗೆ ಬೆಲೆಯೇ ಇಲ್ಲವೆ? ಇದೆ. ಪೆಟ್ರೋಲ್ ಎಂಜಿನ್‌ನಲ್ಲಿ ಥ್ರಾಟಲ್ (ಗಾಳಿ ಒಳಬರುವ ದಾರಿಯ ಕವಾಟ) ಅರೆಮುಚ್ಚಿರುವಾಗ ಗಾಳಿಯನ್ನು ಒಳಗೆಳೆದುಕೊಳ್ಳಲೆಂದೇ ಶಕ್ತಿ ಪೋಲಾಗುತ್ತದೆ. ಪಿಸ್ಟನ್, ಬೇರಿಂಗ್, ಪಂಪುಗಳ ಘರ್ಷಣೆ ಸುತ್ತು ಏರಿದಂತೆ ಏರುತ್ತದೆ. ಅದೇ ಶಕ್ತಿಯನ್ನು ಕಡಿಮೆ ಸುತ್ತಿನಲ್ಲಿ, ಥ್ರಾಟಲ್ ಹೆಚ್ಚು ತೆರೆದು ಉತ್ಪಾದಿಸಿದರೆ ಈ ಎರಡು ನಷ್ಟಗಳೂ ಇಳಿಯುತ್ತವೆ. ಡೀಸೆಲ್ ಎಂಜಿನ್‌ನಲ್ಲಿ ಗಾಳಿಯನ್ನು ಥ್ರಾಟಲ್‌ನಿಂದ ಕತ್ತುಹಿಸುಕಿ ಶಕ್ತಿ ನಿಯಂತ್ರಿಸುವ ಕ್ರಮ ಇಲ್ಲದಿರುವುದರಿಂದ ಉಳಿಯುವುದು ಮುಖ್ಯವಾಗಿ ಘರ್ಷಣೆಯ ನಷ್ಟ ಮಾತ್ರ. ನನ್ನ ಅಂದಾಜಿನಲ್ಲಿ ದೊಡ್ಡ ಪೆಟ್ರೋಲ್ ಎಂಜಿನ್ ಸಮತಟ್ಟಾದ ಹೆದ್ದಾರಿಯಲ್ಲಿ ಶೇ. 7–8ರಷ್ಟು ಕಡಿಮೆ ಸುತ್ತಿನಲ್ಲಿ ಓಡಿದರೆ ಉಳಿಯುವ ಇಂಧನ ಶೇ. 1ರಿಂದ 3ರೊಳಗೆ ಇರುತ್ತದೆ. ಅಮೆರಿಕದ ಇಂಧನ ಇಲಾಖೆಯ ಸಾರ್ವಜನಿಕ ಸಲಹೆಯಂತೆ ಟೈರುಗಳ ಗಾಳಿಯ ಒತ್ತಡ ಸರಾಸರಿ 1 ಪಿಎಸ್‌ಐ (ಒತ್ತಡದ ಮಾನ) ಇಳಿದರೆ ಮೈಲೇಜ್ ಸುಮಾರು ಶೇ. 0.2ರಷ್ಟು ತಗ್ಗುತ್ತದೆ, ಅಂದರೆ 10 ಪಿಎಸ್‌ಐ ಕಡಿಮೆ ಗಾಳಿಯಲ್ಲಿ ಓಡಿಸುವುದು ಆಕ್ಸಲ್ ಅನುಪಾತವನ್ನು ಒಂದು ಮೆಟ್ಟಿಲು ತಪ್ಪಾಗಿ ಆರಿಸಿಕೊಂಡಷ್ಟೇ ನಷ್ಟ ತರುತ್ತದೆ. ಗೇರ್ ಬದಲಿಸುವ ಯೋಚನೆಗೆ ಮೊದಲು ಗಾಳಿ ಪರೀಕ್ಷಿಸುವುದು ಒಳ್ಳೆಯದು.

ಟೈರಿನ ಜಾತಿ: ಹೈವೇ, ಆಲ್-ಟೆರೇನ್, ಮಡ್

ಮೂಲ ಅಳತೆಯಲ್ಲೇ ಉಳಿಯುವವರಿಗೂ ಇಲ್ಲಿ ದೊಡ್ಡ ಆಯ್ಕೆಯೊಂದಿದೆ, ಮತ್ತು ಮೈಲೇಜಿನ ಮಟ್ಟಿಗೆ ಬಹುಮಂದಿಯ ಪಾಲಿಗೆ ಇದೇ ನಿರ್ಣಾಯಕ. ಟೈರ್ ಉರುಳುವಾಗ ನೆಲಕ್ಕೆ ತಾಗುವ ರಬ್ಬರ್ ಪ್ರತಿ ಸುತ್ತಿಗೂ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಬಾಗಲು ಕೊಟ್ಟ ಶಕ್ತಿ ಪೂರ್ತಿ ಮರಳದೆ ಒಂದು ಪಾಲು ಶಾಖವಾಗಿ ಹೋಗುತ್ತದೆ. ಟ್ರೆಡ್ ಆಳವಾದಷ್ಟೂ, ಅದರ ರಬ್ಬರ್ ತುಂಡುಗಳು ದೊಡ್ಡದಾಗಿ ಬಿಡಿಬಿಡಿಯಾದಷ್ಟೂ ಬಾಗುವ ರಬ್ಬರ್ ಹೆಚ್ಚು, ಕಳೆದುಹೋಗುವ ಶಕ್ತಿಯೂ ಹೆಚ್ಚು. ಹೈವೇ ಟೈರಿನಿಂದ ಅದೇ ಅಳತೆಯ, ರಸ್ತೆಗೂ ಕಚ್ಚಾದಾರಿಗೂ ಆಗುವ ಆಲ್-ಟೆರೇನ್ ಟೈರಿಗೆ ಹೋದಾಗ ಉರುಳು ಪ್ರತಿರೋಧ ಶೇ. 20ರಷ್ಟು ಏರಿತೆಂದುಕೊಂಡರೆ, ಪ್ರತಿ ಶೇ. 10ಕ್ಕೆ ಶೇ. 1ರಿಂದ 2ರಷ್ಟು ಇಂಧನ ಎಂಬ ಸಾಮಾನ್ಯ ಲೆಕ್ಕದಂತೆ ಶೇ. 2ರಿಂದ 4ರಷ್ಟು ಮೈಲೇಜ್ ಹೋಗುತ್ತದೆ. ವರ್ಷಕ್ಕೆ 20,000 ಕಿ.ಮೀ. ಓಡುವ, ಲೀಟರಿಗೆ 10 ಕಿ.ಮೀ. ಕೊಡುವ ಟ್ರಕ್ಕಿಗೆ ಅದು 40ರಿಂದ 80 ಲೀಟರ್. ಕಲ್ಲು, ಕೆಸರು, ಜಲ್ಲಿಯ ದಾರಿ ನಿಮ್ಮ ದಿನನಿತ್ಯದ ಭಾಗವಾಗಿದ್ದರೆ ಈ ಬೆಲೆ ಸಲ್ಲುತ್ತದೆ. ವರ್ಷಕ್ಕೆರಡು ಬಾರಿ ಮಾತ್ರ ಹೋಗುವುದಾದರೆ, ನನ್ನ ಮಟ್ಟಿಗೆ, ಸಲ್ಲುವುದಿಲ್ಲ. ಮಡ್ ಟೈರನ್ನಂತೂ ಕೆಸರಿನಲ್ಲೇ ಕೆಲಸ ಮಾಡುವವರಿಗೆ ಬಿಟ್ಟು ಬೇರೆ ಯಾರಿಗೂ ನಾನು ಸೂಚಿಸಲಾರೆ.

ಟೈರಿನ ಅಳತೆಯ ಮೊದಲು ಎಲ್‌ಟಿ (ಲೈಟ್ ಟ್ರಕ್) ಎಂದು ಬರೆದಿರುವುದಕ್ಕೂ ಪಿ (ಪ್ಯಾಸೆಂಜರ್) ಎಂದಿರುವುದಕ್ಕೂ ವ್ಯತ್ಯಾಸವಿದೆ. ಎಲ್‌ಟಿ ಟೈರಿನ ಒಳಪದರಗಳು ಗಟ್ಟಿ, ತೂಕ ಹೆಚ್ಚು, ಭಾರ ಹೊರಲು ಅದಕ್ಕೆ ಹೆಚ್ಚಿನ ಗಾಳಿಯೂ ಬೇಕು. ಪಿ ಟೈರಿಗೆಂದು ಬಾಗಿಲ ಬಳಿ ಬರೆದಿರುವ ಒತ್ತಡವನ್ನೇ ಎಲ್‌ಟಿ ಟೈರಿಗೂ ತುಂಬಿಸಿದರೆ ಅದರ ಹೊರುವ ಶಕ್ತಿ ಇಳಿಯುತ್ತದೆ, ಟೈರ್ ಬಿಸಿಯಾಗುತ್ತದೆ, ಮೈಲೇಜೂ ತಗ್ಗುತ್ತದೆ. ಖಾಲಿ ಓಡುವ ಅಥವಾ ಹಗುರ ಸಾಮಾನು ಹೊರುವ ಟ್ರಕ್ಕಿಗೆ, ತಯಾರಕರು ಪಿ ಟೈರನ್ನೇ ಸೂಚಿಸಿದ್ದಲ್ಲಿ, ಎಲ್‌ಟಿಗೆ ಹೋಗುವುದರಿಂದ ಇಂಧನದ ದೃಷ್ಟಿಯಿಂದ ನಷ್ಟವೇ. ಕಾರ್ಖಾನೆಯಿಂದಲೇ ಎಲ್‌ಟಿ ಬಂದಿದ್ದರೆ ಅದಕ್ಕಿಂತ ಕಡಿಮೆ ಭಾರ ಹೊರುವ ಟೈರಿಗೆ ಇಳಿಯಲೇಬಾರದು.

ತೂಕದ ಬಗ್ಗೆ ಉತ್ಪ್ರೇಕ್ಷೆಯ ಮಾತುಗಳು ಬಹಳ ಚಲಾವಣೆಯಲ್ಲಿವೆ. ಚಕ್ರದಲ್ಲಿ ಒಂದು ಕಿಲೋ ಹೆಚ್ಚಾದರೆ ವಾಹನದಲ್ಲಿ ಹತ್ತು ಕಿಲೋ ಹೆಚ್ಚಾದಂತೆ ಎನ್ನುವವರಿದ್ದಾರೆ. ಭೌತಶಾಸ್ತ್ರ ಅಷ್ಟು ದೂರ ಹೋಗುವುದಿಲ್ಲ. ತಿರುಗುವ ವಸ್ತುವಿನ ತೂಕವೆಲ್ಲ ಅಂಚಿನಲ್ಲೇ ಇದ್ದರೆ, ವೇಗ ಹೆಚ್ಚಿಸುವಾಗ ಅದು ತನ್ನ ಎರಡರಷ್ಟು ತೂಕದಂತೆ ವರ್ತಿಸುತ್ತದೆ. ಟೈರಿನ ತೂಕ ಅಂಚಿಗಿಂತ ಸ್ವಲ್ಪ ಒಳಗೂ ಹರಡಿರುವುದರಿಂದ ಪರಿಣಾಮ ಎರಡರಷ್ಟಕ್ಕಿಂತ ಕಡಿಮೆ. ಪ್ರತಿ ಟೈರ್ 8 ಕಿಲೋ ಹೆಚ್ಚು ತೂಗಿದರೆ ನಾಲ್ಕಕ್ಕೆ 32 ಕಿಲೋ, ವೇಗ ಏರಿಸುವಾಗ ಅದರ ಪರಿಣಾಮ ಸುಮಾರು 55–60 ಕಿಲೋ. 2,300 ಕಿಲೋದ ವಾಹನಕ್ಕೆ ಇದು ಒಬ್ಬ ಪ್ರಯಾಣಿಕ ಹೆಚ್ಚಾದಷ್ಟೇ. ಮೇಲಿಂದ ಮೇಲೆ ನಿಂತು ಹೊರಡುವ ನಗರದ ಓಡಾಟದಲ್ಲಿ ಇದು ಲೆಕ್ಕಕ್ಕೆ ಬರುತ್ತದೆ, ಹೆದ್ದಾರಿಯಲ್ಲಿ ಬಹುಮಟ್ಟಿಗೆ ಇಲ್ಲ. ಬ್ರೇಕಿನ ಮೇಲೆ ಇದರ ಭಾರ ಬೀಳುತ್ತದೆಂಬುದು ಬೇರೆ ಮಾತು, ಮತ್ತು ಅದು ಹಗುರವಾದ ಮಾತಲ್ಲ: ವ್ಯಾಸ ಶೇ. 8.7 ಹೆಚ್ಚಾದಾಗ ಅದೇ ಬ್ರೇಕ್ ಒತ್ತಿಗೆ ನೆಲದ ಮೇಲೆ ಸಿಗುವ ತಡೆಯುವ ಬಲ ಶೇ. 8ರಷ್ಟು ಕುಗ್ಗುತ್ತದೆ.

ಎತ್ತರ ಬೇಕು, ಇಂಧನವೂ ಉಳಿಯಬೇಕು ಎನ್ನುವವರು ಅಗಲ ಕಡಿಮೆಯಿರುವ ಟೈರನ್ನು ನೋಡಬೇಕು. 255/80 ಆರ್ 17ರ ವ್ಯಾಸ 839.8 ಮಿ.ಮೀ.; 285/70 ಆರ್ 17ಕ್ಕಿಂತ 9 ಮಿ.ಮೀ. ಹೆಚ್ಚು, ಅಗಲದಲ್ಲಿ 30 ಮಿ.ಮೀ. ಕಡಿಮೆ. ಗಾಳಿಗೆ ಒಡ್ಡಿಕೊಳ್ಳುವ ರಬ್ಬರ್ ಕಡಿಮೆ, ಒಂದೇ ಬಗೆಯ ಟ್ರೆಡ್ ಇದ್ದರೆ ತೂಕವೂ ಸಾಮಾನ್ಯವಾಗಿ ಕಡಿಮೆ, ಚಕ್ರ ಪೂರ್ತಿ ತಿರುಗಿದಾಗ ಒಳಭಾಗಕ್ಕೆ ಉಜ್ಜುವ ಸಂಭವವೂ ಕಡಿಮೆ. ಆಯ್ಕೆಗೆ ಸಿಗುವ ಮಾದರಿಗಳು ಹೆಚ್ಚಿಲ್ಲ, ನೋಟಕ್ಕೂ ಅದು ಅಷ್ಟು ಗಟ್ಟಿಮುಟ್ಟಾಗಿ ಕಾಣುವುದಿಲ್ಲ. ಆದರೂ ನೆಲದಿಂದ ಎತ್ತರವೇ ನಿಜವಾದ ಅಗತ್ಯವಾಗಿದ್ದರೆ ನಾನು ಆರಿಸುವುದು ಇದನ್ನೇ.

ಹೊಸ ಟ್ರಕ್ ಕೊಳ್ಳುವಾಗ ಯಾವ ಅನುಪಾತ

ಕಾರ್ಖಾನೆಯಿಂದಲೇ ಅನುಪಾತ ಆರಿಸಿಕೊಳ್ಳುವ ಅವಕಾಶ ಇರುವಲ್ಲಿ 3.21, 3.31, 3.55, 3.73, 3.92, 4.10 ಇವುಗಳಲ್ಲಿ ಎರಡು ಮೂರು ಆಯ್ಕೆಗಳು ಎದುರಾಗುತ್ತವೆ. ಹಿಂದೆ ಈ ಆಯ್ಕೆ ಬಹಳ ದೊಡ್ಡದಾಗಿತ್ತು, ಏಕೆಂದರೆ ಗೇರ್ ಪೆಟ್ಟಿಗೆಯಲ್ಲಿ ನಾಲ್ಕೇ ಗೇರ್‌ಗಳಿದ್ದವು. ಮೊದಲ ಗೇರ್ 3.06 ಇದ್ದ ಹಳೆಯ ನಾಲ್ಕು ಗೇರ್‌ಗಳ ಪೆಟ್ಟಿಗೆಗೆ 3.73 ಆಕ್ಸಲ್ ಸೇರಿಸಿದರೆ ಹೊರಡುವಾಗಿನ ಒಟ್ಟು ಅನುಪಾತ 11.4. ಮೊದಲ ಗೇರ್ 4.70 ಇರುವ ಈಗಿನ ಎಂಟು, ಹತ್ತು ಗೇರ್‌ಗಳ ಪೆಟ್ಟಿಗೆಗೆ 3.31 ಆಕ್ಸಲ್ ಸೇರಿಸಿದರೂ ಅದು 15.6 ಆಗುತ್ತದೆ. ಹೊರಡುವಾಗಿನ ಎಳೆತಕ್ಕಾಗಿ ದೊಡ್ಡ ಸಂಖ್ಯೆಯ ಆಕ್ಸಲ್ ಬೇಕೆಂಬ ಹಳೆಯ ಬುದ್ಧಿವಾದ ಈ ಪೆಟ್ಟಿಗೆಗಳಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ.

ಖಾಲಿ ಅಥವಾ ಹಗುರವಾಗಿ, ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರಿಗೆ, ಮೂಲ ಟೈರನ್ನೇ ಉಳಿಸಿಕೊಳ್ಳುವುದಾದರೆ, ಸಿಗುವ ಅನುಪಾತಗಳಲ್ಲಿ ಚಿಕ್ಕದು ಸರಿ. ಟ್ರೇಲರ್ ಎಳೆಯುವವರ ವಿಷಯ ಬೇರೆ: ತಯಾರಕರು ಎಳೆಯುವ ಸಾಮರ್ಥ್ಯವನ್ನು ಅನುಪಾತಕ್ಕೆ ತಕ್ಕಂತೆ ಬೇರೆಬೇರೆಯಾಗಿ ನಿಗದಿಪಡಿಸುತ್ತಾರೆ, ಆ ಮಿತಿ ನಿಮ್ಮ ಟ್ರೇಲರಿಗೆ ಸಾಲದಿದ್ದರೆ ಮೈಲೇಜಿನ ಚರ್ಚೆಗೆ ಸ್ಥಳವೇ ಇಲ್ಲ. ಭಾರ ಎಳೆಯುವಾಗ ಚಿಕ್ಕ ಅನುಪಾತದ ಟ್ರಕ್ ಟಾಪ್ ಗೇರ್‌ನಲ್ಲಿ ನಿಲ್ಲಲಾರದೆ ಮೇಲೆ ಕೆಳಗೆ ಹಾರಾಡುತ್ತಿರುತ್ತದೆ, ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್ ಪೆಟ್ಟಿಗೆಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನ ಲಾಕ್ ಪದೇ ಪದೇ ಬಿಟ್ಟು ಆಯಿಲ್ ಬಿಸಿಯಾಗುತ್ತದೆ, ಕಾಗದದ ಮೇಲಿನ ಉಳಿತಾಯ ಅಲ್ಲಿಯೇ ಕರಗುತ್ತದೆ. ಇನ್ನೊಂದು ಸಂದರ್ಭವೂ ಇದೆ. ಮುಂದೆ ದೊಡ್ಡ ಟೈರ್ ಹಾಕಿಸುವುದು ಖಚಿತವಾಗಿದ್ದರೆ ಮೊದಲೇ ಒಂದು ಮೆಟ್ಟಿಲು ಮೇಲಿನ ಅನುಪಾತ ತೆಗೆದುಕೊಳ್ಳುವುದು ಜಾಣತನ. ಆಮೇಲೆ ಡಿಫರೆನ್ಷಿಯಲ್ ಬಿಚ್ಚಿಸುವುದಕ್ಕಿಂತ ಇದು ಎಷ್ಟೋ ಸುಲಭ.

ದೊಡ್ಡ ಟೈರ್ ಬಂದಾಗಿದೆ, ಗೇರ್ ಬದಲಿಸಬೇಕೆ

ಶೇ. 3.5ರ ಬದಲಾವಣೆಗೆ ಬೇಡ. ಅಲ್ಲಿ ಸ್ಪೀಡೋಮೀಟರ್ ಸರಿಪಡಿಸಿದರೆ ಸಾಕು.

ಶೇ. 8.7ರಷ್ಟು ದೊಡ್ಡ ಟೈರಿನಲ್ಲಿ ಉತ್ತರ ನಿಮ್ಮ ಟ್ರಕ್ ನಿಮ್ಮ ಮಾಮೂಲಿ ವೇಗದಲ್ಲಿ ಯಾವ ಗೇರ್‌ನಲ್ಲಿ ಉಳಿಯುತ್ತದೆ ಎಂಬುದನ್ನು ಅವಲಂಬಿಸಿದೆ. ಮೇಲಿನ ಉದಾಹರಣೆಗೇ ಮರಳಿದರೆ, 3.55 ಅನುಪಾತ ಮತ್ತು ದೊಡ್ಡ ಟೈರ್ ಇರುವ ಟ್ರಕ್ 100 ಕಿ.ಮೀ. ವೇಗದಲ್ಲಿ ಎಂಟನೇ ಗೇರ್‌ನಲ್ಲಿ ನೆಮ್ಮದಿಯಾಗಿ ಉಳಿದರೆ ಎಂಜಿನ್ 1,445 ಆರ್‌ಪಿಎಂನಲ್ಲಿರುತ್ತದೆ. ಗೇರ್ ಬದಲಿಸಿ 3.92 ಹಾಕಿಸಿದರೆ ಅದು 1,595ಕ್ಕೆ ಏರುತ್ತದೆ, ಹೆದ್ದಾರಿಯ ಮೈಲೇಜ್ ಸುಧಾರಿಸುವ ಬದಲು ತುಸು ಇಳಿಯಬಹುದು. ಆದರೆ ಹೆಚ್ಚಿದ ತಡೆಯಿಂದಾಗಿ ಎಂಟನೇ ಗೇರ್ ಹಿಡಿಯಲಾರದೆ ಟ್ರಕ್ ಏಳನೇ ಗೇರ್‌ನಲ್ಲೇ ಓಡುತ್ತಿದ್ದರೆ, ಆ ಗೇರ್‌ನ ಅನುಪಾತ 0.84 ಆಗಿರುವುದರಿಂದ, ಎಂಜಿನ್ 1,810ರ ಮೇಲೆ ತಿರುಗುತ್ತಿರುತ್ತದೆ. ಅಂಥ ಟ್ರಕ್ಕಿಗೆ 3.92 ಹಾಕಿಸಿ ಎಂಟನೇ ಗೇರ್ ಮತ್ತೆ ಬಳಕೆಗೆ ಬಂದರೆ ಸುತ್ತು 1,595ಕ್ಕೆ ಇಳಿಯುತ್ತದೆ, ಮೈಲೇಜ್ ನಿಜವಾಗಿಯೂ ಏರುತ್ತದೆ. ದೊಡ್ಡ ಸಂಖ್ಯೆಯ ಗೇರ್ ಹಾಕಿಸಿ ಮೈಲೇಜ್ ಹೆಚ್ಚಾಯಿತೆನ್ನುವವರ ಮಾತು ಸುಳ್ಳಲ್ಲ ಎಂಬುದಕ್ಕೆ ಕಾರಣ ಇದು. ಅದು ಎಲ್ಲರಿಗೂ ಅನ್ವಯಿಸದಿರುವುದಕ್ಕೂ ಕಾರಣ ಇದೇ. ಹಳೆಯ ನಾಲ್ಕು ಗೇರ್‌ಗಳ ಪೆಟ್ಟಿಗೆಯಲ್ಲಿ ಈ ಪರಿಣಾಮ ಇನ್ನೂ ತೀವ್ರ: ಟಾಪ್ 0.70ರಿಂದ 1.00ಕ್ಕೆ ಇಳಿದರೆ ಸುತ್ತು ಒಮ್ಮೆಲೇ ಶೇ. 43ರಷ್ಟು ಜಿಗಿಯುತ್ತದೆ. ಆ ಟ್ರಕ್ಕುಗಳಿಗೆ ದೊಡ್ಡ ಟೈರಿನ ಜೊತೆ ಗೇರ್ ಬದಲಾವಣೆಯನ್ನು ನಾನು ಹಿಂಜರಿಯದೆ ಸೂಚಿಸುತ್ತೇನೆ.

ಸಮತಟ್ಟಾದ ದಾರಿಯಲ್ಲಿ, ನಿಮ್ಮ ಮಾಮೂಲಿ ವೇಗದಲ್ಲಿ, ಮೀಟರ್ ಫಲಕದಲ್ಲಿ ಗೇರ್ ಸಂಖ್ಯೆಯನ್ನು ಅರ್ಧ ಗಂಟೆ ಗಮನಿಸಿದರೆ ಈ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ. ಕೆಲವು ಎಂಜಿನ್‌ಗಳು ಭಾರ ಕಡಿಮೆಯಿರುವಾಗ ಅರ್ಧ ಸಿಲಿಂಡರ್‌ಗಳನ್ನು ನಿಲ್ಲಿಸುತ್ತವೆ. ಸುತ್ತು ತೀರಾ ಇಳಿದು ಪ್ರತಿ ಸಿಲಿಂಡರಿನ ಮೇಲಿನ ಹೊರೆ ಏರಿದಾಗ ಆ ಸೌಲಭ್ಯ ಕಡಿಮೆ ಹೊತ್ತು ದೊರೆಯುತ್ತದೆ, ಅದನ್ನೂ ಗಮನದಲ್ಲಿಡಬೇಕು. ಚಿಕ್ಕ ಟರ್ಬೊ ಎಂಜಿನ್‌ಗಳಲ್ಲಿಯೂ ಹೀಗೆಯೇ: ಸುತ್ತು ಕಡಿಮೆಯಾಗಿ, ಟರ್ಬೊ ಒತ್ತಿ ತುಂಬುವ ಗಾಳಿಯ (ಬೂಸ್ಟ್) ಮೇಲೆಯೇ ಎಂಜಿನ್ ನಿಂತುಬಿಟ್ಟರೆ ಉಳಿತಾಯದ ಲೆಕ್ಕ ತಲೆಕೆಳಗಾಗಬಹುದು.

ಗೇರ್ ಬದಲಿಸುವ ನಿರ್ಧಾರವನ್ನು ಇಂಧನದ ಉಳಿತಾಯ ಒಂದರ ಮೇಲೆ ನಿಲ್ಲಿಸಬೇಡಿ. ಶೇ. 5ರಷ್ಟು ಲಾಭ ಸಿಕ್ಕಿತೆಂದೇ ಇಟ್ಟುಕೊಂಡರೂ ನಾವು ಉದಾಹರಣೆಗೆ ಹಿಡಿದ ಟ್ರಕ್ಕಿನಲ್ಲಿ ವರ್ಷಕ್ಕೆ ಉಳಿಯುವುದು ನೂರು ಲೀಟರ್. ನಾಲ್ಕು ಚಕ್ರಕ್ಕೂ ಬಲ ಹೋಗುವ ಟ್ರಕ್ಕಾದರೆ ಮುಂದಿನ, ಹಿಂದಿನ ಎರಡೂ ಡಿಫರೆನ್ಷಿಯಲ್‌ಗಳನ್ನು ಒಂದೇ ಅನುಪಾತಕ್ಕೆ ಬದಲಿಸಲೇಬೇಕು, ಇಲ್ಲದಿದ್ದರೆ ಫೋರ್-ವೀಲ್ ಹಾಕಿದ ಕ್ಷಣ ಎರಡು ಆಕ್ಸಲ್‌ಗಳು ಒಂದರ ವಿರುದ್ಧ ಇನ್ನೊಂದು ಎಳೆದಾಡಿ, ಎರಡಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ಹಾಗಾಗಿ ಖರ್ಚು ಇಮ್ಮಡಿ. ಏರುದಾರಿಯಲ್ಲಿ ಭಾರ ಎಳೆಯುವಾಗಿನ ಆರಾಮ, ಗೇರ್ ಪೆಟ್ಟಿಗೆಯ ಆಯುಷ್ಯ, ಕಡಿದಾದ ಕಲ್ಲುದಾರಿಯಲ್ಲಿ ನಿಧಾನವಾಗಿ ಸಾಗುವ ಹಿಡಿತ ಇವು ನಿಮಗೆ ಬೇಕಾಗಿದ್ದರೆ ಗೇರ್ ಬದಲಾವಣೆಗೆ ಅರ್ಥವಿದೆ. ಇಂಧನ ಅದರ ಜೊತೆಗೆ ಸಿಗುವ ಚಿಕ್ಕ ಲಾಭ.

ಬದಲಾವಣೆಯ ನಂತರ ಅಳೆಯುವ ಕ್ರಮ

ಟೈರಿನ ಹೊಸ ಅಳತೆಯನ್ನು ವಾಹನದ ಕಂಪ್ಯೂಟರಿಗೆ ತಿಳಿಸುವುದು ಮೊದಲ ಕೆಲಸ. ವೇಗವನ್ನು ಚಕ್ರದ ಸೆನ್ಸರ್‌ಗಳಿಂದ ಓದುವ ಟ್ರಕ್ಕಿನಲ್ಲಿ ಟೈರಿನ ಬದಲಾವಣೆ ಮಾತ್ರ ಮೀಟರನ್ನು ತಪ್ಪಿಸುತ್ತದೆ. ಗೇರ್ ಪೆಟ್ಟಿಗೆಯ ಔಟ್‌ಪುಟ್ ಶಾಫ್ಟ್‌ನಿಂದ ಓದುವ ಟ್ರಕ್ಕಿನಲ್ಲಿ ಟೈರ್, ಆಕ್ಸಲ್ ಅನುಪಾತ ಎರಡೂ ತಪ್ಪಿಸುತ್ತವೆ. ಎರಡನೆಯ ಬಗೆಯ ಟ್ರಕ್ಕಿನಲ್ಲಿ ಶೇ. 8.7 ದೊಡ್ಡ ಟೈರಿಗೆ 3.55ರಿಂದ 3.92ಕ್ಕೆ ಹೋದರೆ ಎರಡು ತಪ್ಪುಗಳು ಒಂದನ್ನೊಂದು ಬಹುಮಟ್ಟಿಗೆ ಹೊಡೆದುಹಾಕುತ್ತವೆ, ಆದರೂ ಕಂಪ್ಯೂಟರಿಗೆ ಸರಿಯಾದ ಸಂಖ್ಯೆ ಕೊಡುವುದೇ ಕ್ಷೇಮ. ಸರಿಯಾಯಿತೇ ಎಂದು ತಿಳಿಯಲು ಫೋನಿನ ಜಿಪಿಎಸ್ ತೋರಿಸುವ ದೂರವನ್ನು ಓಡೋಮೀಟರ್ ಜೊತೆ ನೂರು ಕಿ.ಮೀ. ಹೋಲಿಸಿದರೆ ಸಾಕು.

ಮೈಲೇಜನ್ನು ಟ್ಯಾಂಕ್ ತುಂಬಿಸಿ ಮತ್ತೆ ತುಂಬಿಸುವ ಕ್ರಮದಲ್ಲಿಯೇ ಅಳೆಯಿರಿ. ಫಲಕದ ಮೇಲೆ ಕಾಣುವ ಸರಾಸರಿಯನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಒಂದು ಟ್ಯಾಂಕ್ ಸಾಲದು, ಕನಿಷ್ಠ ಮೂರು ಬೇಕು. ದಾರಿ, ವೇಗ, ಹೊರೆ, ಗಾಳಿಯ ಒತ್ತಡ ಸಾಧ್ಯವಾದಷ್ಟು ಒಂದೇ ಇರಬೇಕು. ಚಳಿಗಾಲದ ಅಂಕಿಯನ್ನು ಬೇಸಿಗೆಯದಕ್ಕೆ ಹೋಲಿಸುವುದೂ ಸಲ್ಲದು, ಏಕೆಂದರೆ ತಣ್ಣನೆಯ ಗಾಳಿ ಹೆಚ್ಚು ದಟ್ಟ, ತಣ್ಣನೆಯ ರಬ್ಬರಿನ ಪ್ರತಿರೋಧವೂ ಹೆಚ್ಚು. ಕ್ರೌನ್-ಪಿನಿಯನ್ ಹೊಸದಾಗಿ ಹಾಕಿಸಿದ್ದರೆ ಮೊದಲ 800 ಕಿ.ಮೀ. ಟ್ರೇಲರ್ ಕಟ್ಟದೆ, ಆರಂಭದ ಓಡಾಟಗಳಲ್ಲಿ ನಡುವೆ ನಿಲ್ಲಿಸಿ ತಣಿಸುತ್ತ ಓಡಿಸಿ, ಆಮೇಲೆ ಡಿಫರೆನ್ಷಿಯಲ್ ಆಯಿಲ್ ಬದಲಿಸಿ. ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವ ಆ ಅವಧಿಯ ಅಂಕಿಗಳನ್ನು ಹೋಲಿಕೆಗೆ ಸೇರಿಸದೆ ಅದರ ನಂತರದ ಮೂರು ಟ್ಯಾಂಕ್‌ಗಳಿಂದ ಲೆಕ್ಕ ಶುರುಮಾಡಿ.